ಲೈಟು, ಹಾರ್ನು ಕಟ್ಟಿದರೆ ಸಾಲದು

ಕವಾಸಾಕಿ ಕಂಪನಿ ನಮ್ಮ ದೇಶದಲ್ಲಿ ಕೆಎಲ್‌ಎಕ್ಸ್ 230 ಎಂಬ ಬೈಕ್ ಮಾರುತ್ತದೆ. ಅದರ ಜೊತೆಗೇ ಕೆಎಲ್‌ಎಕ್ಸ್ 230 ಆರ್ ಎಸ್ ಎಂಬ ಇನ್ನೊಂದನ್ನೂ ಮಾರಾಟಕ್ಕೆ ತಂದಿದೆ. ಎರಡರಲ್ಲೂ ಇರುವುದು 233 ಸಿಸಿಯ ಏರ್‌ಕೂಲ್ಡ್ ಎಂಜಿನ್ನೇ. ಮೊದಲನೆಯದಕ್ಕೆ ಆರ್‌ಟಿಒ ನಂಬರ್ ಸಿಗುತ್ತದೆ. ಎರಡನೆಯದನ್ನು ಷೋರೂಮಿನಿಂದ ಮನೆತನಕ ಓಡಿಸಿಕೊಂಡು ಹೋದರೂ ಅಪರಾಧ. ಗೂಡ್ಸ್ ಗಾಡಿಗೆ ಹೇರಿಯೇ ಒಯ್ಯಬೇಕು. ಮೇಲುನೋಟಕ್ಕೆ ಎದ್ದು ಕಾಣುವ ವ್ಯತ್ಯಾಸವೆಂದರೆ ಹೆಡ್‌ಲೈಟು, ಇಂಡಿಕೇಟರು, ಕನ್ನಡಿ, ನಂಬರ್ ಪ್ಲೇಟ್ ಕೂರಿಸುವ ಜಾಗ. ಹಾಗಾಗಿಯೇ ಡರ್ಟ್ ಬೈಕ್ ಕೊಂಡವರು, ಕೊಳ್ಳಬೇಕೆಂದಿರುವವರು ಪದೇ ಪದೇ ಒಂದು ಪ್ರಶ್ನೆ ಕೇಳುತ್ತಾರೆ: ಒಂದಿಷ್ಟು ಸಾವಿರ ರೂಪಾಯಿ ಖರ್ಚು ಮಾಡಿ ಲೈಟು, ಹಾರ್ನು, ಕನ್ನಡಿ ಕಟ್ಟಿಸಿಬಿಟ್ಟರೆ ಇದಕ್ಕೂ ಆರ್‌ಸಿ ಕೊಡಲು ಸರ್ಕಾರಕ್ಕೇನು ಕಷ್ಟ? ಪ್ರಶ್ನೆ ನ್ಯಾಯವಾದದ್ದೇ. ಬಿಡಿ ಬೈಕನ್ನು ಮಾಲೀಕ ತಾನೇ ಮಾರ್ಪಡಿಸಿ ತಂದಾಗ ಆರ್‌ಟಿಒ ಇಲ್ಲವೆನ್ನುವುದು ಸರಿ. ಆದರೆ ಇಲ್ಲವೆಂದು ಕೈತೊಳೆದುಕೊಂಡು, ಅಂಥ ಬೈಕುಗಳಿಗೆ ಬೇರೆ ಯಾವ ದಾರಿಯನ್ನೂ ತೋರಿಸದಿರುವುದು ಸರಿಯಲ್ಲ. ಕೇಳಬೇಕಾದದ್ದು ಸಾಮಾನ್ಯ ನೋಂದಣಿಯಲ್ಲಿ ರಿಯಾಯಿತಿಯನ್ನಲ್ಲ, ಸೀಮಿತ ಬಳಕೆಯ ಪ್ರತ್ಯೇಕ ನೋಂದಣಿಯನ್ನು ಎಂಬುದು ನನ್ನ ವಾದ.

ಮೊದಲು ಕಾನೂನು ಏನನ್ನುತ್ತದೆ ನೋಡೋಣ. 1988ರ ಮೋಟಾರು ವಾಹನ ಕಾಯ್ದೆಯ 39ನೇ ಕಲಂ ಪ್ರಕಾರ ನೋಂದಣಿಯಾಗದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವಂತಿಲ್ಲ. ಇಲ್ಲಿ ಬಹಳ ಜನ ಎಡವುತ್ತಾರೆ. ಸಾರ್ವಜನಿಕ ಸ್ಥಳವೆಂದರೆ ಡಾಂಬರು ರಸ್ತೆ ಮಾತ್ರ ಎಂದು ಅವರ ಎಣಿಕೆ. ಅದೇ ಕಾಯ್ದೆಯ ವ್ಯಾಖ್ಯಾನದಂತೆ, ಜನರಿಗೆ ಪ್ರವೇಶದ ಹಕ್ಕಿರುವ ಯಾವ ದಾರಿಯೂ, ಯಾವ ಜಾಗವೂ ಸಾರ್ವಜನಿಕ ಸ್ಥಳವೇ. ಊರಾಚೆಯ ಬಂಡಿದಾರಿ, ಹಳ್ಳಿಯಿಂದ ಹಳ್ಳಿಗೆ ಹೋಗುವ ಮಣ್ಣಿನ ರಸ್ತೆ, ಎಸ್ಟೇಟುಗಳ ನಡುವೆ ಹಾದುಹೋಗುವ ಸಾರ್ವಜನಿಕ ಕಾಲುದಾರಿ ಎಲ್ಲವೂ ಅದರೊಳಗೆ ಬರುತ್ತವೆ. ಸಕಲೇಶಪುರದ ಕಡೆಗೋ ಕೊಡಗಿನ ಕಡೆಗೋ ಹೋಗಿ 'ನಾವು ಆಫ್‌ರೋಡ್‌ನಲ್ಲಿದ್ದೇವೆ' ಎಂದು ಹೇಳಿಕೊಳ್ಳುವವರು ಬಹುತೇಕ ಕಾನೂನಿನ ರಸ್ತೆಯಲ್ಲೇ ಇರುತ್ತಾರೆ. ನೋಂದಣಿಯಿಲ್ಲದೆ ಸಿಕ್ಕಿಬಿದ್ದರೆ 192ನೇ ಕಲಂ ಅಡಿ ಮೊದಲ ಸಲ 2,000ದಿಂದ 5,000 ರೂಪಾಯಿ ದಂಡ. ಮತ್ತೆ ಸಿಕ್ಕರೆ 10,000 ರೂಪಾಯಿವರೆಗೆ ದಂಡ, ಒಂದು ವರ್ಷದವರೆಗೆ ಜೈಲು ಅಥವಾ ಎರಡೂ. ದಂಡಕ್ಕಿಂತ ದೊಡ್ಡ ಅಪಾಯ ವಿಮೆಯದು. ಮೂರನೇ ವ್ಯಕ್ತಿಯ ವಿಮೆ 146ನೇ ಕಲಂ ಪ್ರಕಾರ ಕಡ್ಡಾಯ, ಆದರೆ ನೋಂದಣಿಯೇ ಆಗದ ಬೈಕಿಗೆ ರಸ್ತೆಯ ಪಾಲಿಸಿ ಸಿಗುವುದಿಲ್ಲ. ದಾರಿಯಲ್ಲಿ ಹೋಗುತ್ತಿದ್ದವರಿಗೆ ಗುದ್ದಿ ಜೀವಹಾನಿಯಾದರೆ ನ್ಯಾಯಮಂಡಳಿ ಹೇಳಿದ ಪರಿಹಾರವನ್ನು ಸವಾರ, ಮಾಲೀಕರು ಕೈಯಿಂದಲೇ ತೆರಬೇಕು. ಅವರಿಂದ ವಸೂಲಾಗದಿದ್ದರೆ ಸತ್ತವರ ಮನೆಯವರಿಗೆ ದಕ್ಕುವುದು ಕಾಗದದ ಮೇಲಿನ ಆದೇಶ ಮಾತ್ರ.

ಇನ್ನು, ಆರ್‌ಟಿಒ ಕಚೇರಿ ಇಂಥ ಬೈಕನ್ನು ವಾಪಸ್ ಕಳಿಸುವುದು ಯಾವ ಆಧಾರದ ಮೇಲೆ? ಹೊಸ ವಾಹನದ ನೋಂದಣಿಗೆ ಅರ್ಜಿಯ ಜೊತೆ ಎರಡು ಕಾಗದ ಬೇಕೇ ಬೇಕು. ಫಾರಂ 21 ಮಾರಾಟದ ಪತ್ರ. ಫಾರಂ 22 ತಯಾರಕರೇ ಕೊಡುವ ರಸ್ತೆ ಅರ್ಹತಾ ಪತ್ರ. ಡರ್ಟ್ ಬೈಕ್ ಕೊಂಡವರ ಕೈಯಲ್ಲಿ ಮೊದಲನೆಯದು ಇರುತ್ತದೆ, ಎರಡನೆಯದು ಇರುವುದಿಲ್ಲ. ಈ ಒಂದು ಹಾಳೆಯ ಹಿಂದೆ ದೊಡ್ಡ ವ್ಯವಸ್ಥೆಯೇ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದಂತೆ ತಯಾರಕರು ಪ್ರತಿ ಮಾದರಿಯ ಮೂಲ ವಾಹನವನ್ನು ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್‌ನಂಥ ಪರೀಕ್ಷಾ ಸಂಸ್ಥೆಗೆ ಒಪ್ಪಿಸಬೇಕು. ಬ್ರೇಕು, ಬೆಳಕು, ಹೊಗೆ, ಶಬ್ದ ಎಲ್ಲವನ್ನೂ ಅಲ್ಲಿ ಅಳೆದ ಮೇಲೆ ಮಾದರಿಗೆ ಒಪ್ಪಿಗೆ ಸಿಗುತ್ತದೆ. ಹಾಗೆ ಒಪ್ಪಿಗೆಯಾದ ಮಾದರಿಗಳ ವಿವರವಷ್ಟೇ 'ವಾಹನ್' ತಂತ್ರಾಂಶದಲ್ಲಿ ಇರುತ್ತದೆ. ಪಟ್ಟಿಯಲ್ಲಿ ಇಲ್ಲದ ಬೈಕಿನ ಅರ್ಜಿಯನ್ನು ಆರ್‌ಟಿಒ ಸಿಬ್ಬಂದಿ ಮನಸ್ಸು ಮಾಡಿದರೂ ಮುಂದಕ್ಕೆ ತಳ್ಳಲಾಗದು. ಭಾರತದಲ್ಲಿ ಅನುಮೋದನೆ ಸಿಗುವುದು ಮಾದರಿಗೆ, ನಿಮ್ಮ ಮನೆ ಮುಂದೆ ನಿಂತಿರುವ ಬಿಡಿ ಬೈಕಿಗಲ್ಲ. ಚರ್ಚೆ ಶುರುವಾಗಬೇಕಾದದ್ದು ಇಲ್ಲಿಂದ.

ಲೈಟು ಕಟ್ಟಿದರೆ ಸಾಲದೇ ಎಂಬ ವಾದಕ್ಕೆ ಉತ್ತರ ಬೈಕಿನ ಹೊಟ್ಟೆಯೊಳಗೇ ಇದೆ. ಸ್ಪರ್ಧೆಗೆಂದು ಕಟ್ಟಿದ ಮೋಟೋಕ್ರಾಸ್ ಬೈಕಿನ ಎಂಜಿನ್ನಿಗೆ ಸರ್ವಿಸ್ ಲೆಕ್ಕ ಕಿಲೋಮೀಟರುಗಳಲ್ಲಿ ಇರುವುದಿಲ್ಲ, ಗಂಟೆಗಳಲ್ಲಿ ಇರುತ್ತದೆ. ಸುಮಾರು ಒಂದು ಲೀಟರ್ ಎಣ್ಣೆ ಹಿಡಿಯುವ ಎಂಜಿನ್ನಿಗೆ ಹತ್ತಿಪ್ಪತ್ತು ಗಂಟೆ ಓಡಿದ ಕೂಡಲೇ ಎಣ್ಣೆ ಬದಲಿಸಬೇಕಾಗುತ್ತದೆ. ರಸ್ತೆ ಬೈಕಿನ ಹಿಂಚಕ್ರದ ಹಬ್ಬಿನೊಳಗೆ ರಬ್ಬರಿನ ದಿಂಬುಗಳಿರುತ್ತವೆ. ಗೇರ್ ಬದಲಿಸಿದಾಗ, ಆಕ್ಸಿಲರೇಟರ್ ತಿರುಚಿದಾಗ ಚೈನಿನ ಎಳೆತ ನುಂಗುವುದು ಅವೇ. ಸ್ಪರ್ಧೆಯ ಬೈಕಿನಲ್ಲಿ ತೂಕ ಉಳಿಸಲೆಂದು ಅವನ್ನು ಬಿಟ್ಟಿರುತ್ತಾರೆ. ಮಣ್ಣಿನಲ್ಲಾದರೆ ಚಕ್ರ ಜಾರಿ ಆ ಎಳೆತ ಕರಗುತ್ತದೆ, ಡಾಂಬರಿನ ಹಿಡಿತದಲ್ಲಿ ಅದು ನೇರ ಗೇರ್‌ಬಾಕ್ಸಿಗೆ ಬಡಿಯುತ್ತದೆ. ಗುಬ್ಬಿಗುಬ್ಬಿಯ ಟೈರು ಕೆಸರಿಗೆ ಕಚ್ಚಿಕೊಳ್ಳುತ್ತದೆ ನಿಜ, ಮಳೆ ಬಿದ್ದ ಫ್ಲೈಓವರಿನ ಮೇಲೆ ಅದರಲ್ಲಿ ನೆಲ ಮುಟ್ಟುವ ರಬ್ಬರೇ ಕಡಿಮೆ. ನಮ್ಮಲ್ಲಿ 125 ಸಿಸಿಗೆ ಮೇಲ್ಪಟ್ಟ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಗಿ ಎಲ್ಲ ಮಾದರಿಗಳಿಗೂ ಅನ್ವಯವಾದದ್ದು 2019ರ ಏಪ್ರಿಲ್ 1ರಿಂದ. ಸ್ಪರ್ಧೆಯ ಬೈಕಿನಲ್ಲಿ ಅದು ಇರುವುದಿಲ್ಲ, ಆಮೇಲೆ ಗ್ಯಾರೇಜಿನಲ್ಲಿ ಕೂರಿಸುವ ವಸ್ತುವೂ ಅಲ್ಲ. ಇದರ ಮೇಲೆ 123ನೇ ನಿಯಮ ಹೇಳುವ ಹಿಂಬದಿ ಸವಾರರ ಹಿಡಿಕೆ, ಕಾಲಿಡುವ ಮೆಟ್ಟು, ಹಿಂಚಕ್ರದ ಅರ್ಧವನ್ನಾದರೂ ಮುಚ್ಚುವ ಸೀರೆ ಗಾರ್ಡ್. ಒಬ್ಬರೇ ಕೂರುವ ಬೈಕಿಗೆ ಸೀರೆ ಗಾರ್ಡ್ ಏಕೆ ಎಂದು ನಗಬಹುದು. ಆದರೆ ಉಳಿದ ಕೊರತೆಗಳು ನಗುವಂಥವಲ್ಲ.

ಹೊಗೆಯ ಲೆಕ್ಕ ಇನ್ನೂ ಬಿಗಿ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಮಾನದಂಡದಲ್ಲಿ ಬೈಕು ಒಂದು ಕಿಲೋಮೀಟರ್ ಓಡಿದರೆ 1 ಗ್ರಾಂ ಕಾರ್ಬನ್ ಮಾನಾಕ್ಸೈಡ್, 60 ಮಿಲಿಗ್ರಾಂ ನೈಟ್ರೋಜನ್ ಆಕ್ಸೈಡುಗಳನ್ನು ಮೀರಿ ಉಗುಳುವಂತಿಲ್ಲ. ಇದನ್ನು ಅಳೆಯುವುದು ಉರುಳೆಗಳ ಮೇಲೆ ಬೈಕ್ ನಿಲ್ಲಿಸಿ, ನಿಗದಿತ ಚಕ್ರದಂತೆ ವೇಗ ಏರಿಸಿ ಇಳಿಸಿ. 'ಪಿಯುಸಿ ಮಾಡಿಸಿ ತಂದರೆ ಆಯಿತಲ್ಲ' ಎನ್ನುವವರಿದ್ದಾರೆ. ಪೆಟ್ರೋಲ್ ಬಂಕಿನ ಪಕ್ಕದ ಪಿಯುಸಿ ಕೇಂದ್ರದಲ್ಲಿ ನೋಡುವುದು ಬೈಕು ನಿಂತಲ್ಲೇ ಐಡ್ಲಿಂಗ್‌ನಲ್ಲಿ ಗುರುಗುಟ್ಟುವಾಗಿನ ಹೊಗೆಯನ್ನು. ಈಗಾಗಲೇ ಒಪ್ಪಿಗೆಯಾದ ಬೈಕು ಕೆಟ್ಟಿದೆಯೋ ಇಲ್ಲವೋ ಎಂದು ಪತ್ತೆ ಹಚ್ಚಲು ಅದು ಸಾಕು. ಒಪ್ಪಿಗೆಯೇ ಆಗದ ಬೈಕು ಮಾನದಂಡ ಮುಟ್ಟುತ್ತದೆ ಎಂದು ಸಾಬೀತುಪಡಿಸಲು ಸಾಲದು. ಸೈಲೆನ್ಸರ್ ವಿಷಯವೂ ಅಷ್ಟೇ. ಮಾರ್ಪಡಿಸಿದ ಸೈಲೆನ್ಸರುಗಳನ್ನು ಕಿತ್ತು ಅವುಗಳ ಮೇಲೆ ಪೊಲೀಸರು ರೋಡ್ ರೋಲರ್ ಹತ್ತಿಸಿದ ಚಿತ್ರಗಳು ನಮ್ಮ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತವೆ. ಅಂಥದ್ದರಲ್ಲಿ ಕಾರ್ಖಾನೆಯಿಂದಲೇ ಸ್ಪರ್ಧೆಯ ಸೈಲೆನ್ಸರ್ ಹೊತ್ತು ಬಂದ ಬೈಕಿಗೆ ಕಚೇರಿಯೇ ಮೊಹರು ಒತ್ತಿಕೊಡಬೇಕೆಂದು ಕೇಳುವುದು ಕಷ್ಟದ ಮಾತು.

ಹೊರದೇಶಗಳಲ್ಲಿ ಆಗುತ್ತದಲ್ಲ ಎಂಬ ಆಕ್ಷೇಪ ಇಲ್ಲಿ ಬರುತ್ತದೆ, ಅದಕ್ಕೆ ಆಧಾರವೂ ಇದೆ. ಅಮೆರಿಕದ ಅರಿಜೋನಾ, ಯೂಟಾ ರಾಜ್ಯಗಳಲ್ಲಿ ಡರ್ಟ್ ಬೈಕಿಗೆ ಬೇಕಾದ ಲೈಟು, ಹಾರ್ನು, ಕನ್ನಡಿ ಜೋಡಿಸಿ ತೋರಿಸಿದರೆ ರಸ್ತೆಯ ಪ್ಲೇಟು ಸಿಗುತ್ತದೆ. ಅದೇ ದೇಶದ ಕ್ಯಾಲಿಫೋರ್ನಿಯಾ ಆಫ್‌ರೋಡ್ ಎಂದು ಪ್ರಮಾಣಿತವಾದ ಬೈಕನ್ನು ರಸ್ತೆಗೆ ಬದಲಾಯಿಸಲು ಬಿಡುವುದಿಲ್ಲ. ನಿಯಮ ರಾಜ್ಯಕ್ಕೊಂದಾದಾಗ ಆಗುವ ಪಾಡನ್ನು ವರ್ಮಾಂಟ್ ತೋರಿಸಿತು: ಹೊರ ರಾಜ್ಯದವರೂ ಅಂಚೆಯ ಮೂಲಕವೇ ಅಲ್ಲಿ ವಾಹನ ನೋಂದಾಯಿಸಿಕೊಳ್ಳುವ ಅವಕಾಶವಿತ್ತು, ತಮ್ಮ ರಾಜ್ಯದಲ್ಲಿ ಆಗದ್ದನ್ನು ಜನ ಅಲ್ಲಿಂದ ಸಾಧಿಸಿಕೊಂಡರು, ಕಡೆಗೆ 2023ರಲ್ಲಿ ಆ ಕಿಂಡಿ ಮುಚ್ಚಿತು. ಬ್ರಿಟನ್ನಿನ ದಾರಿ ಇದಕ್ಕಿಂತ ಅಚ್ಚುಕಟ್ಟು. ಮಾದರಿ ಅನುಮೋದನೆ ಇಲ್ಲದ ಬಿಡಿ ಬೈಕನ್ನು ಸರ್ಕಾರಿ ಪರೀಕ್ಷಾ ಕೇಂದ್ರಕ್ಕೆ ಒಯ್ದು ಒಂದೊಂದಾಗಿ ತಪಾಸಣೆ ಮಾಡಿಸುವ ವ್ಯವಸ್ಥೆ ಅಲ್ಲಿದೆ. ನಮ್ಮಲ್ಲೂ ಅದನ್ನೇ ತರಬಾರದೇ? ತರಬಹುದು, ತಂದರೆ ಪರೀಕ್ಷಿಸುವವರು ಯಾರು? ದಿನಕ್ಕೆ ರಾಶಿ ರಾಶಿ ವಾಹನ ನೋಡುವ ಆರ್‌ಟಿಒ ನಿರೀಕ್ಷಕರ ಬಳಿ ಇರುವುದು ಕಣ್ಣು ಮತ್ತು ಕಡತ; ಹೊಗೆ ಅಳೆಯುವ ಉರುಳೆ ಯಂತ್ರವಿಲ್ಲ. ಅಳೆಯುವ ಸಾಧನವಿಲ್ಲದೆ ಅಳೆದದ್ದಾಗಿ ಬರೆದುಕೊಡುವ ಅಧಿಕಾರ ಮಾತ್ರ ಇದ್ದರೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು ನಮ್ಮ ಕಚೇರಿಗಳನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ.

ನ್ಯಾಯಾಲಯವೂ ಇದೇ ನೆಲೆಯಲ್ಲಿ ನಿಂತಿದೆ. ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸಬಾರದೆನ್ನುವುದು ಕಾಯ್ದೆಯ 52ನೇ ಕಲಂ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನೇ ಎತ್ತಿಹಿಡಿಯಿತು. ಈ ತತ್ವ ಮುಗ್ಗಲು ಹಿಡಿದ ಕಾಗದದ ಹಟ ಎಂದು ಕಾಣುವವರು ಹೀರೊ ಎಕ್ಸ್‌ಪಲ್ಸ್ 200ರ ಕಥೆ ನೋಡಬೇಕು. 2019ರಲ್ಲಿ ಬಂದ ಆ ಬೈಕಿಗೆ ಕಂಪನಿ ಆಮೇಲೆ 38,000 ರೂಪಾಯಿಯ ರ‍್ಯಾಲಿ ಕಿಟ್ ಮಾರಿತು: ಉದ್ದದ ಸಸ್ಪೆನ್ಷನ್, ಎತ್ತರದ ಹ್ಯಾಂಡಲ್, ಮಣ್ಣಿನ ಟೈರು. ಅದನ್ನು ಹಾಕಿಸಿದ ಬೈಕು ಸಾರ್ವಜನಿಕ ರಸ್ತೆಗಲ್ಲ, ಸ್ಪರ್ಧೆಗೆ ಎಂದು ಕಂಪನಿಯೇ ಹೇಳಿತ್ತು. 2022ರಲ್ಲಿ ಅದೇ ಕಂಪನಿ ಹೆಚ್ಚುಕಡಿಮೆ ಅಂಥದ್ದೇ ಸಸ್ಪೆನ್ಷನ್ ಕೂರಿಸಿ, ನೆಲದಿಂದ 270 ಮಿಲಿಮೀಟರ್ ಎತ್ತರದ ರ‍್ಯಾಲಿ ಎಡಿಷನ್ ಎಂಬ ಮಾದರಿಯನ್ನೇ ಹೊರತಂದಿತು. ಅದಕ್ಕೆ ನಂಬರ್ ಸಿಕ್ಕಿತು. ಬಿಡಿಭಾಗ ಹೆಚ್ಚುಕಡಿಮೆ ಅವೇ ಆದರೂ ಎರಡನೆಯ ಸಲ ತಯಾರಕರು ಇಡೀ ಬೈಕಿಗೆ ಅನುಮೋದನೆ ಪಡೆದು, ಅದರ ಹೊಣೆ ಹೊತ್ತಿದ್ದರು. ಸವಾರರ ಬೇಡಿಕೆ ಗ್ಯಾರೇಜಿನ ಬಾಗಿಲು ಬಿಟ್ಟು ಕಾರ್ಖಾನೆಯ ಬಾಗಿಲಿಗೆ ಹೋದಾಗ ಕಾನೂನು ಅಡ್ಡ ಬರಲಿಲ್ಲ. ಈಚೆಗೆ ಕೆಟಿಎಂ 390 ಎಂಡ್ಯೂರೊ ಆರ್, ಮೊದಲು ಹೇಳಿದ ಕೆಎಲ್‌ಎಕ್ಸ್ 230ರಂಥ ನಂಬರ್ ಪ್ಲೇಟಿನ ಮಣ್ಣಿನ ಬೈಕುಗಳು ಬಂದದ್ದೂ ಇದೇ ದಾರಿಯಿಂದ.

ಹಾಗಿದ್ದರೆ ಕಥೆ ಮುಗಿಯಿತಲ್ಲ, ರಸ್ತೆಗೆ ಬೇಕಾದವರು ಇವನ್ನು ಕೊಳ್ಳಲಿ, ಉಳಿದವು ಟ್ರ್ಯಾಕಿನಲ್ಲಿರಲಿ ಎನ್ನಬಹುದು. ಮೋಟೋಕ್ರಾಸಿನ ಮಟ್ಟಿಗೆ ಈ ಮಾತು ಸರಿ. ಬೇಲಿ ಹಾಕಿದ ಟ್ರ್ಯಾಕಿನೊಳಗೆ ಸುತ್ತು ಹೊಡೆಯುವ ಬೈಕಿಗೆ ರಸ್ತೆಯ ನಂಬರ್ ಬೇಕಿಲ್ಲ. ಆದರೆ ಆಫ್‌ರೋಡ್ ಬೈಕುಗಳಲ್ಲಿ ಎಂಡ್ಯೂರೊ ಎಂಬ ಇನ್ನೊಂದು ಕುಲವಿದೆ, ಅದರ ಸ್ಪರ್ಧೆಯೇ ರಸ್ತೆ ದಾಟಿ ನಡೆಯುವಂಥದ್ದು. ಕಾಡಿನ ಒಂದು ಹಂತ ಮುಗಿಸಿ ಮುಂದಿನ ಹಂತಕ್ಕೆ ಸವಾರ ಸಾರ್ವಜನಿಕ ರಸ್ತೆಯಲ್ಲಿ, ಸಂಚಾರ ನಿಯಮ ಪಾಲಿಸಿಕೊಂಡು ಹೋಗಬೇಕು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕರ್ ರ‍್ಯಾಲಿ ಪೂರೈಸಿದ ಮೊದಲ ಭಾರತೀಯರಾದರು, ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಅದನ್ನು ಪೂರೈಸಿದರು. ಮರಳುಗಾಡಿನ ಆ ರ‍್ಯಾಲಿಯ ಬೈಕುಗಳಿಗೂ ನೋಂದಣಿ, ಹೆಡ್‌ಲೈಟು ಬೇಕು. ಹಂತದಿಂದ ಹಂತಕ್ಕೆ ಹೋಗುವ ದಾರಿ ಊರಿನ ರಸ್ತೆಯಲ್ಲೇ ಹಾಯುತ್ತದೆ. ಯುರೋಪಿನ ಒಕ್ಕೂಟ ಇದನ್ನು ಅರಿತು 2013ರ 168ನೇ ನಿಯಮಾವಳಿಯಲ್ಲಿ ಎಂಡ್ಯೂರೊ ಬೈಕನ್ನು ಪ್ರತ್ಯೇಕ ಉಪವರ್ಗವಾಗಿ ಗುರುತಿಸಿದೆ: ಸೀಟಿನ ಎತ್ತರ ಕನಿಷ್ಠ 900 ಮಿಲಿಮೀಟರ್, ನೆಲದಿಂದ ಅಂತರ ಕನಿಷ್ಠ 310 ಮಿಲಿಮೀಟರ್, ತೂಕ 140 ಕಿಲೋ ಮೀರದಂತೆ, ಹಿಂಬದಿ ಸೀಟು ಇಲ್ಲದಂತೆ. ಕೆಟಿಎಂ 350 ಇಎಕ್ಸ್‌ಸಿ-ಎಫ್ ಅಲ್ಲಿ ನಂಬರ್ ಹೊತ್ತು ಓಡಾಡುತ್ತದೆ. 2024ರಲ್ಲಿ ನಮ್ಮಲ್ಲಿಗೆ ಬಂದ ಅದೇ ಹೆಸರಿನ ಬೈಕು ರಸ್ತೆಗೆ ಇಳಿಯುವಂತಿಲ್ಲ. ಯುರೋಪಿನಲ್ಲೂ ನೋಂದಣಿಗೆ ಒಪ್ಪಿಸುವ ಸ್ಥಿತಿಯಲ್ಲಿ ಶಕ್ತಿ ಕಟ್ಟಿಹಾಕಿ, ಸ್ಪರ್ಧೆಗೆ ಅದನ್ನು ಬಿಚ್ಚುವ ರೂಢಿ ಇದೆ ಎಂಬುದನ್ನು ಮರೆಯಬಾರದು. ಆ ಮಾದರಿಯನ್ನು ಹಾಗೆಯೇ ಎತ್ತಿ ತರಬೇಕೆಂದು ನಾನು ಹೇಳುತ್ತಿಲ್ಲ. ಬೈಕುಗಳಲ್ಲಿ ಟ್ರ್ಯಾಕಿನವು ಮತ್ತು ದಿನಬಳಕೆಯವು ಎಂಬ ಎರಡೇ ಜಾತಿಯಿಲ್ಲ ಎಂಬುದನ್ನು ಅಲ್ಲಿನ ಕಾನೂನು ಒಪ್ಪಿದೆ, ಅದು ಮುಖ್ಯ.

ಇಂಥ ನಡುವಿನ ಖಾತೆ ನಮ್ಮ ಕಾನೂನಿಗೆ ಅಪರಿಚಿತವೇನೂ ಅಲ್ಲ. ಕೇಂದ್ರ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆಂದು ಬೇರೆಯದೇ ನೋಂದಣಿ ತಂದಿತು. 50 ವರ್ಷ ದಾಟಿದ, ಮೂಲ ರೂಪ ಕೆಡಿಸದ ವಾಹನಕ್ಕೆ 'ವಿಎ' ಅಕ್ಷರಗಳಿರುವ ನಂಬರ್. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ಪ್ರದರ್ಶನ, ರ‍್ಯಾಲಿ, ಇಂಧನ, ದುರಸ್ತಿ ಇಂಥ ಕಾರಣಗಳಿಗೆ ಮಾತ್ರ ರಸ್ತೆಗಿಳಿಸಬಹುದು. ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಅಲ್ಲ. ಆ ಹಳೆಯ ಕಾರುಗಳಲ್ಲಿ ಏರ್‌ಬ್ಯಾಗ್ ಇಲ್ಲ, ಬಿಎಸ್-6 ಎಂಜಿನ್ ಇಲ್ಲ. ಬಳಕೆಗೆ ಮಿತಿ ಹಾಕಿ, ಅಪಾಯವನ್ನೂ ಹೊಗೆಯನ್ನೂ ಆ ಮಿತಿಯೊಳಗೆ ಹಿಡಿದಿಡಬಹುದೆಂದು ಸರ್ಕಾರ ಒಪ್ಪಿಕೊಂಡಿತು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಡರ್ಟ್ ಬೈಕಿಗೇ ಇದನ್ನು ಮಾಡಿದೆ. ಅಲ್ಲಿನ ಮನರಂಜನಾ ನೋಂದಣಿ ಪಡೆದ ಬೈಕು ಕಾಡಿನ, ಹಳ್ಳಿಗಾಡಿನ ರಸ್ತೆಗಳಲ್ಲಿ ಓಡಬಹುದು. ಫ್ರೀವೇಗೆ, ಊರೊಳಗಿನ ಬೀದಿಗಳಿಗೆ ಇಳಿಯುವಂತಿಲ್ಲ.

ನಮ್ಮಲ್ಲಿ ಇದನ್ನು ತರುವುದಾದರೆ ಬಿಡಿ ಬೈಕಿನ ಬದಲು ಮಾದರಿಗೇ ಒಪ್ಪಿಗೆ ಕೊಡುವ ತತ್ವವನ್ನು ಬಿಡಬೇಕಾಗಿಲ್ಲ. ತಯಾರಕರೋ ಆಮದುದಾರರೋ ಎಂಡ್ಯೂರೊ ಮಾದರಿಯನ್ನು ಪರೀಕ್ಷೆಗೆ ಒಪ್ಪಿಸಲಿ. ಬೆಳಕು, ಬ್ರೇಕು, ಹಾರ್ನು, ಶಬ್ದದಲ್ಲಿ ವಿನಾಯಿತಿ ಬೇಡ. ಹೊಗೆಗೆ ಈ ವರ್ಗಕ್ಕೆಂದೇ ಒಂದು ಮಿತಿ ನಿಗದಿಯಾಗಲಿ. ಸೀರೆ ಗಾರ್ಡು, ಹಿಂಬದಿ ಹಿಡಿಕೆಯಂಥ, ಒಂಟಿ ಸೀಟಿಗೆ ಅರ್ಥವಿಲ್ಲದ ಷರತ್ತು ಬಿಡಲಿ. ದೂರದಿಂದಲೇ ಗುರುತು ಸಿಗುವ ನಂಬರ್ ಸರಣಿ, ಕಡ್ಡಾಯ ಮೂರನೇ ವ್ಯಕ್ತಿಯ ವಿಮೆ, ಸ್ಪರ್ಧೆ ಮತ್ತು ತರಬೇತಿಗೆ ಹೋಗಿಬರುವ ಪ್ರಯಾಣಕ್ಕೆ ಸೀಮಿತ ಅನುಮತಿ, ಎಕ್ಸ್‌ಪ್ರೆಸ್‌ವೇ ಮತ್ತು ನಗರ ಮಿತಿಯೊಳಗೆ ನಿಷೇಧ ಇಷ್ಟನ್ನು ಅದಕ್ಕೆ ಕಟ್ಟಬಹುದು. ಸ್ಪರ್ಧೆಯ ದೃಢೀಕರಣಕ್ಕೆ ದೇಶದ ಮೋಟಾರ್ ಕ್ರೀಡೆ ನೋಡಿಕೊಳ್ಳುವ ಎಫ್‌ಎಂಎಸ್‌ಸಿಐ ಇದ್ದೇ ಇದೆ.

ಇದು ಕಳ್ಳದಾರಿಯಾಗುತ್ತದೆ, ಸ್ಪರ್ಧೆಯ ಹೆಸರಲ್ಲಿ ನಂಬರ್ ಪಡೆದು ಪಶ್ಚಿಮ ಘಟ್ಟದ ಹುಲ್ಲುಗಾವಲು, ಶೋಲಾ ಕಾಡುಗಳನ್ನು ಉತ್ತುಹಾಕುತ್ತಾರೆ ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಆತಂಕ ಸುಳ್ಳಲ್ಲ. ಒಂದು ಮಳೆಗಾಲದಲ್ಲಿ ಚಕ್ರಗಳು ಕೊರೆದ ಗೀರು ಮುಂದಿನ ಮಳೆಗಾಲಕ್ಕೆ ಕೊರಕಲಾಗುತ್ತದೆ. ಆದರೆ ಈಗಲೂ ಆ ಕೆಲಸ ನಡೆಯುತ್ತಿರುವುದು ನಂಬರ್ ಇರುವ ಬೈಕು, ಜೀಪುಗಳಿಂದಲೂ, ಇಲ್ಲದವುಗಳಿಂದಲೂ. ನಂಬರ್ ಇಲ್ಲದ ಬೈಕಿನ ಫೋಟೊ ತೆಗೆದರೂ ಮಾಲೀಕ ಯಾರೆಂದು ತಿಳಿಯದು. ಇರುವುದಾದರೆ ಅರಣ್ಯ ಸಿಬ್ಬಂದಿ ಮರುದಿನವೇ ಮನೆ ಬಾಗಿಲಿಗೆ ನೋಟಿಸ್ ಕಳಿಸಬಹುದು. ನೋಂದಣಿಯೆಂದರೆ ಕಾಡಿಗೆ ನುಗ್ಗುವ ಪರವಾನಗಿ ಅಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಿರ್ಬಂಧಗಳು ಯಾವ ಪ್ಲೇಟಿನ ವಾಹನಕ್ಕೂ ಅಷ್ಟೇ ಅನ್ವಯಿಸುತ್ತವೆ, ಸೀಮಿತ ನೋಂದಣಿಯಲ್ಲಾದರೆ ಉಲ್ಲಂಘಿಸಿದವರ ನಂಬರನ್ನೇ ರದ್ದು ಮಾಡುವ ಹೆಚ್ಚಿನ ಅಸ್ತ್ರವೂ ಕೈಗೆ ಬರುತ್ತದೆ. ಈಗಿನ ಪೂರ್ಣ ನಿರಾಕರಣೆ ಬೇರೊಂದು ಬಗೆಯ ಕಳ್ಳತನಕ್ಕೂ ಆಮಿಷ ಒಡ್ಡುತ್ತದೆ: ಗುಜರಿಗೆ ಹೋದ ಯಾವುದೋ ಬೈಕಿನ ಆರ್‌ಸಿ, ನಂಬರುಗಳನ್ನು ಡರ್ಟ್ ಬೈಕಿಗೆ ಅಂಟಿಸುವುದು. ಚಾಸಿ ನಂಬರ್ ತಾಳೆಯಾಗದ ಅಂಥ ಬೈಕು ಅಪಘಾತ ಮಾಡಿದ ದಿನ ವಿಮೆಯೂ ಕೈಬಿಡುತ್ತದೆ, ಮೋಸದ ಮೊಕದ್ದಮೆಯೂ ಮೈಮೇಲೆ ಬರುತ್ತದೆ.

ಇಷ್ಟು ಕಡಿಮೆ ಜನರಿಗಾಗಿ ನಿಯಮ ಬದಲಿಸಬೇಕೇ ಎಂದು ಕೇಳುವವರಿಗೆ ವಿಂಟೇಜ್ ಕಾರಿನ ಮಾಲೀಕರೂ ಬೆರಳೆಣಿಕೆಯವರೇ ಎಂಬುದೇ ಉತ್ತರ. ನೋಂದಣಿಯಿಂದ ಮುಖ್ಯವಾಗಿ ರಕ್ಷಣೆ ಸಿಗುವುದು ಸವಾರನಿಗಲ್ಲ, ಅದೇ ದಾರಿಯಲ್ಲಿ ನಡೆದು ಹೋಗುವ ನೂರಾರು ಜನರಿಗೆ. ಈ ಬದಲಾವಣೆ ಬೆಂಗಳೂರಿನಿಂದ ಆಗುವಂಥದ್ದಲ್ಲ. ಮಾದರಿ ಅನುಮೋದನೆಯ ನಿಯಮ ಬರೆಯುವುದು ದೆಹಲಿಯ ಸಚಿವಾಲಯ. ಆದರೆ ಕೋಲಾರದ ಬಳಿ ಡರ್ಟ್ ಬೈಕಿಗೆಂದೇ ತರಬೇತಿ ಮೈದಾನವಿರುವ, ಡಾಕರ್‌ಗೆ ಸವಾರರನ್ನು ಕಳಿಸಿದ ರಾಜ್ಯ ಆ ಪ್ರಸ್ತಾವ ಮುಂದಿಡಲು ತಕ್ಕ ರಾಜ್ಯವೇ. ಅಲ್ಲಿಯತನಕ ಕೊಳ್ಳುವವರು ಮುಂಗಡ ಕೊಡುವ ಮೊದಲು ಡೀಲರನ್ನು ಒಂದೇ ಮಾತು ಕೇಳಲಿ: ಫಾರಂ 22 ಕೊಡುತ್ತೀರಾ? ಇಲ್ಲವೆಂದರೆ ಆ ಬೈಕು ಇಂದಿನ ಕಾನೂನಿನಲ್ಲಿ ಟ್ರ್ಯಾಕಿನದ್ದು, ಎಷ್ಟು ಲೈಟು ಕಟ್ಟಿದರೂ ರಸ್ತೆಯದ್ದಾಗದು. ಸೀಮಿತ ಬಳಕೆಯ ವರ್ಗಕ್ಕಾಗಿ ಸವಾರರ ಸಂಘಗಳು ತಯಾರಕರನ್ನೂ ಸಚಿವಾಲಯವನ್ನೂ ಒಟ್ಟಿಗೆ ಒತ್ತಾಯಿಸಲಿ. ಆರ್‌ಟಿಒ ಕೌಂಟರಿನಲ್ಲಿ ನಿಂತು ಮಾಡುವ ಜಗಳದಿಂದ ಯಾವ ನಿಯಮವೂ ಬದಲಾಗುವುದಿಲ್ಲ.